ಇಳಿಸೋದು ಸುಲಭ, ಇಳಿದಲ್ಲೇ ನಿಲ್ಲಿಸೋದು ಕಷ್ಟ



ರಾತ್ರಿ ಒಂಬತ್ತು ದಾಟಿದೆ. ಈಗಷ್ಟೇ ತಟ್ಟೆ ಹಾಕ್ಕೊಂಡು ಟಿವಿ ಮುಂದೆ ಕೂತಿರೋರು ಬಹಳ ಜನ ಇದ್ದೀರಿ. ಬೆಳಗ್ಗೆ ಐದೂವರೆಗೆ ಎದ್ದು, ಮಕ್ಕಳ ಡಬ್ಬಿ ಕಟ್ಟಿ, ಸ್ಕೂಲ್ ವ್ಯಾನ್ ಹತ್ತಿಸಿ, ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ಟ್ರಾಫಿಕ್‌ನಲ್ಲಿ ನಿಂತು, ಆಫೀಸ್ ಮುಗಿಸಿ, ವಾಪಸ್ ಬಂದು ಹೋಂವರ್ಕ್ ಮಾಡಿಸಿ, ಈಗ ಊಟ. ಇಂಥವರಿಗೆ ಯಾರೋ ಬಂದು 'ದಿನಾ ಒಂದೂವರೆ ಗಂಟೆ ಜಿಮ್‌ಗೆ ಹೋಗಿ' ಅಂದ್ರೆ ಹೇಗಿರತ್ತೆ? ಆದ್ದರಿಂದ ಇವತ್ತು ರಾಜಕಾರಣ ಸ್ವಲ್ಪ ಪಕ್ಕಕ್ಕಿಡೋಣ. ನಮ್ಮ ಸೊಂಟದ ಸುತ್ತಳತೆ ಬಗ್ಗೆ ಮಾತಾಡೋಣ.

ಇದು ಚಂದ ಕಾಣೋ ವಿಷಯ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹತ್ತು ಜನರಲ್ಲಿ ಮೂವರಿಗೆ ತೂಕ ಜಾಸ್ತಿ. ಹೆಣ್ಣುಮಕ್ಕಳಲ್ಲೂ ಅಷ್ಟೇ, ಗಂಡಸರಲ್ಲೂ ಅಷ್ಟೇ. 2023ರಲ್ಲಿ ಐಸಿಎಂಆರ್‌ನ ಅಧ್ಯಯನ ಹೊರಗೆ ಬಂತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಆ ಹೊಸ್ತಿಲಲ್ಲಿ ಇರೋರು ಯಾರು? ಹೋಮ್ ಲೋನ್ ಕಟ್ಟೋರು, ಮಕ್ಕಳ ಫೀಸ್ ಕಟ್ಟೋರು, ವಯಸ್ಸಾದ ಅಪ್ಪ ಅಮ್ಮನ್ನ ನೋಡ್ಕೊಳ್ಳೋರು.

ಇವರ ಫೋನಿಗೇ ಜಾಹೀರಾತು ಬರೋದು. 'ಒಂದೇ ತಿಂಗಳಲ್ಲಿ ಹತ್ತು ಕೆಜಿ!' ಇಳಿಯಲ್ವಾ? ಇಳಿಯತ್ತೆ. ಆಮೇಲೇನಾಗತ್ತೆ?

ಅದಕ್ಕೆ ಉತ್ತರ ಒಂದು ಟಿವಿ ಶೋನಲ್ಲೇ ಇದೆ. ಅಮೆರಿಕದಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಅನ್ನೋ ರಿಯಾಲಿಟಿ ಶೋ ಇತ್ತು. ಯಾರು ಹೆಚ್ಚು ತೂಕ ಇಳಿಸ್ತಾರೋ ಅವರು ಗೆದ್ದಂತೆ. ಅದರ 14 ಸ್ಪರ್ಧಿಗಳನ್ನ ಅಲ್ಲಿನ ವಿಜ್ಞಾನಿಗಳು ಆರು ವರ್ಷ ಆದಮೇಲೆ ಮತ್ತೆ ಪರೀಕ್ಷೆ ಮಾಡಿದರು. 30 ವಾರದ ಸ್ಪರ್ಧೆಯಲ್ಲಿ ಸರಾಸರಿ 58 ಕೆಜಿ ಇಳಿದಿತ್ತು. ಅದರಲ್ಲಿ 41 ಕೆಜಿ ವಾಪಸ್ ಬಂದಿತ್ತು! ಅದಕ್ಕಿಂತ ಗಾಬರಿ ಹುಟ್ಟಿಸೋ ಸಂಗತಿ ಇನ್ನೊಂದು. ಸುಮ್ಮನೆ ಮಲಗಿದ್ದಾಗ ಅವರ ದೇಹ ಖರ್ಚು ಮಾಡ್ತಿದ್ದ ಶಕ್ತಿ, ಆ ತೂಕದವರಲ್ಲಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿತ್ತು. ಬರಗಾಲ ಬಂತು ಅಂದ್ಕೊಂಡು ದೇಹ ಖರ್ಚು ಕಡಿಮೆ ಮಾಡಿಬಿಟ್ಟಿತ್ತು. ಆರು ವರ್ಷ ಆದ್ರೂ ಆ ಭಯ ಹೋಗಿರಲಿಲ್ಲ.

ಹಾಗಾದ್ರೆ ದಾರಿ ಏನು? ನಾನು ಓದಿದ್ದು ಇಂಜಿನಿಯರಿಂಗ್. ಲೆಕ್ಕ ಹಾಕದೆ ಸಮಾಧಾನ ಇಲ್ಲ. ಬನ್ನಿ, ನಮ್ಮ ಅಡುಗೆಮನೆಯಿಂದಲೇ ಶುರು ಮಾಡೋಣ.

ದಿನಕ್ಕೆ ನಾಲ್ಕು ಟೀ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ 40 ಗ್ರಾಂ, 160 ಕ್ಯಾಲೊರಿ. ಲೋಟಕ್ಕೆ ಅರ್ಧ ಚಮಚಕ್ಕೆ ಇಳಿಸಿ, 120 ಕ್ಯಾಲೊರಿ ಉಳಿತು. ಇನ್ನು ಒಂದು ದೊಡ್ಡ ಚಮಚ ಎಣ್ಣೆ ಅಂದ್ರೂ ಸುಮಾರು 120 ಕ್ಯಾಲೊರಿ. ಒಗ್ಗರಣೆ, ಪಲ್ಯ, ದೋಸೆ ಎಲ್ಲದರಲ್ಲೂ ಚೂರು ಚೂರು ಹಿಡಿದು, ನಿಮ್ಮ ಪಾಲಿಗೆ ದಿನಕ್ಕೆ ಅಷ್ಟು ಕಡಿಮೆ ಮಾಡಿ. ಎರಡೂ ಸೇರಿ 240. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ಕಾಗದದ ಲೆಕ್ಕದಲ್ಲಿ ತಿಂಗಳಿಗೆ ಹತ್ತಿರ ಹತ್ತಿರ ಒಂದು ಕೆಜಿ. ದೇಹ ಕ್ಯಾಲ್ಕುಲೇಟರ್ ಅಲ್ಲ, ಹೋಗ್ತಾ ಹೋಗ್ತಾ ನಿಧಾನ ಆಗತ್ತೆ. ಆಗಲಿ ಬಿಡಿ. ಮುದ್ದೆ ಬಿಟ್ಟಿಲ್ಲ, ಅನ್ನ ಬಿಟ್ಟಿಲ್ಲ, ಹಬ್ಬದ ಹೋಳಿಗೆ ಬಿಟ್ಟಿಲ್ಲ. ಹತ್ತು ವರ್ಷ ಮಾಡಬಹುದಾದ ಕೆಲಸ ಇದು.

ಅನ್ನದ ಜಾಗಕ್ಕೆ ಸ್ವಲ್ಪ ಸೊಪ್ಪು, ಕಾಳು ಬರಲಿ. ಹೆಸರುಕಾಳಿನ ಉಸಲಿ, ಬಸ್ಸಾರು, ಕೋಸಂಬರಿ, ಮಜ್ಜಿಗೆ ಇವೆಲ್ಲ ನಮ್ಮ ಅಜ್ಜಿಯರು ಯಾವ ಆ್ಯಪ್ ಇಲ್ಲದೆ ಬಡಿಸಿದ್ದು. ಇನ್ನೊಂದು ಮಾತು ಅಮ್ಮಂದಿರಿಗೆ. ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ 'ದಂಡ ಆಗತ್ತೆ' ಅಂತ ನಿಮ್ಮ ಹೊಟ್ಟೆಗೆ ಹೋಗ್ತಿದೆ ಅಲ್ವಾ? ಮಗುವಿಗೆ ಮೊದಲೇ ಅರ್ಧ ಬಡಿಸಿ. ಬೇಕಾದ್ರೆ ಕೇಳತ್ತೆ.

ವ್ಯಾಯಾಮಕ್ಕೆ ಟೈಮ್ ಇಲ್ಲ ಅಂತೀರಿ. ವಿಶ್ವ ಆರೋಗ್ಯ ಸಂಸ್ಥೆ ಕೇಳೋದು ವಾರಕ್ಕೆ ಕನಿಷ್ಠ 150 ನಿಮಿಷ. ದಿನಕ್ಕೆ 22 ನಿಮಿಷದ ಬಿರುಸು ನಡಿಗೆ. ಒಂದೇ ಸಲ ಆಗಬೇಕಿಲ್ಲ. ಒಂದು ಸ್ಟಾಪ್ ಮುಂಚೆ ಇಳಿದು ಹತ್ತು ನಿಮಿಷ, ಊಟ ಆದಮೇಲೆ ಮಗುವಿನ ಕೈ ಹಿಡ್ಕೊಂಡು ಹತ್ತು ಹನ್ನೆರಡು ನಿಮಿಷ.

ನಿದ್ದೆಯನ್ನ ಮರೀಬೇಡಿ. ಶಿಕಾಗೋದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ನಿದ್ದೆ ಮಾಡೋ ದಪ್ಪಗಿದ್ದವರಿಗೆ ಎರಡು ವಾರ ದಿನಾ ಒಂದು ಗಂಟೆಗೂ ಹೆಚ್ಚು ಜಾಸ್ತಿ ನಿದ್ದೆ ಮಾಡಿಸಿದರು. ಡಯಟ್ ಹೇಳಲೇ ಇಲ್ಲ. ಆದ್ರೂ ಅವರು ತಿನ್ನೋದು, ಕಡಿಮೆ ನಿದ್ದೆಯಲ್ಲೇ ಉಳಿದವರಿಗೆ ಹೋಲಿಸಿದ್ರೆ, ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆಯಾಯ್ತು. ಚಾನೆಲ್‌ನವನೇ ಹೇಳ್ತಿದ್ದೀನಿ ಕೇಳಿ, ರಾತ್ರಿ ಹತ್ತೂವರೆಗೆ ಟಿವಿ ಆಫ್ ಮಾಡಿ. ಮೊಬೈಲನ್ನೂ!

ಆದರೆ ಆ ಒಂದು ಗಂಟೆ ನಿದ್ದೆ, ಆ 22 ನಿಮಿಷ ಮನೆಯ ಹೆಣ್ಣುಮಗಳಿಗೆ ಎಲ್ಲಿಂದ ಬರಬೇಕು? ಇಬ್ಬರೂ ದುಡಿಯೋ ಮನೆಯಲ್ಲಿ ಒಬ್ಬರು ಸೋಫಾದಲ್ಲಿ, ಇನ್ನೊಬ್ಬರು ಸಿಂಕ್ ಮುಂದೆ ನಿಂತಿದ್ದರೆ ಯಾವ ಡಯಟೀಷಿಯನ್ ಏನು ಮಾಡೋಕಾಗತ್ತೆ? ಸ್ವಾಮಿ, ನಾಳೆ ಬೆಳಗ್ಗೆ ಡಬ್ಬಿ ನೀವು ಕಟ್ಟಿ. ಆಫೀಸಿನ ಬಾಸ್‌ಗಳೇ, ರಾತ್ರಿ ಒಂಬತ್ತಕ್ಕೆ ಮೀಟಿಂಗ್ ಇಡಬೇಡಿ. ಪಾಲಿಕೆಯವರೇ, ನಡೀರಿ ಅಂತ ಹೇಳೋಕೆ ಮೊದಲು ಫುಟ್‌ಪಾತ್ ಇರಬೇಕಲ್ಲ!

ಎಷ್ಟು ಇಳಿದ್ರೆ ಸಾಕು? 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದವರಿಗೆ ಕೊಟ್ಟ ಗುರಿ, ಶೇಕಡಾ 7ರಷ್ಟು ತೂಕ ಇಳಿಸೋದು, ವಾರಕ್ಕೆ 150 ನಿಮಿಷ ನಡೆಯೋದು. ಆ ಗುಂಪಿನಲ್ಲಿ ಕಾಯಿಲೆ ಬರೋ ಸಾಧ್ಯತೆ ಶೇಕಡಾ 58ರಷ್ಟು ತಗ್ಗಿತು. 80 ಕೆಜಿ ಇದ್ದವರಿಗೆ 7 ಪರ್ಸೆಂಟ್ ಅಂದ್ರೆ ಐದೂವರೆ ಕೆಜಿ. ಅಷ್ಟೇ.

ಈಗಾಗಲೇ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಊಟ ಕಡಿಮೆ ಮಾಡೋ ಮೊದಲು ಡಾಕ್ಟರನ್ನ ಕೇಳಲೇಬೇಕು. ಶುಗರ್ ದಿಢೀರ್ ಇಳಿದ್ರೆ ಅಪಾಯ. ಉಳಿದವರು ನಾಳೆ ಬೆಳಗ್ಗೆ ಒಂದು ಟೇಪ್ ತಗೊಂಡು ಸೊಂಟ ಅಳೆದುಕೊಳ್ಳಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದು ದಾಟಿದ್ದರೆ ನಾಳೆಯ ಮೊದಲ ಟೀಯಿಂದಲೇ ಶುರು ಮಾಡಿ.