ಕುರಿಮಂದೆಯೂ ಹೊಲವೂ



ಬಯಲುಸೀಮೆಯ ಕುರಿಗಾರಿಕೆಯು ಇನ್ನೆಷ್ಟು ಕಾಲ ನಡೆದೀತೆಂಬುದು ವಿಚಾರಾರ್ಹವಾಗಿದೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 96 ಲಕ್ಷವಿದ್ದ ಕರ್ನಾಟಕದ ಕುರಿಗಳು 2019ರಲ್ಲಿ ಸುಮಾರು 1 ಕೋಟಿ 10 ಲಕ್ಷಕ್ಕೇರಿದುವು. ಸಂಖ್ಯೆ ಬೆಳೆಯಿತು, ಮೇಯುವ ನೆಲವು ಬೆಳೆಯಲಿಲ್ಲ. ಗೋಮಾಳಗಳು ಒತ್ತುವರಿಯಿಂದ ಕುಗ್ಗಿದುವು. ಎರಡು ಮೂರು ಬೆಳೆ ತೆಗೆಯುವ ನೀರಾವರಿಯ ಹೊಲಗಳಲ್ಲಿ ಸುಗ್ಗಿಯ ತರುವಾಯವೂ ಮಂದೆಗೆ ತೆರಪಿಲ್ಲ.

ಪೂರ್ವದಿಂದಲೂ ಒಕ್ಕಲಿಗನೂ ಕುರಿಗಾರನೂ ಒಬ್ಬರಿಗೊಬ್ಬರು ಬೇಕಾದವರು. ಕೊಯಿಲಾದ ಹೊಲದಲ್ಲಿ ಮಂದೆಯನ್ನು ರಾತ್ರಿ ತಂಗಿಸಿ, ದಿನದಿನವೂ ಜಾಗ ಬದಲಿಸಿದರೆ, ಹಿಕ್ಕೆಯೊಡನೆ ಗಂಜಲವೂ ನೇರವಾಗಿ ಮಣ್ಣಿಗಿಳಿಯುವುದು. ಗೊಬ್ಬರಕ್ಕಾಗಿ ಗಾಡಿ ಹೂಡುವ ಶ್ರಮವಿಲ್ಲ. ಕುರಿಗಾರನಿಗೆ ಕಾಳೋ ಹಣವೋ ದೊರೆಯುವುದು. ಕುರಿಗೆ ಕೂಳೆಯ ಮೇವು ಸಿಕ್ಕುವುದು. ಮಾಂಸದ ತೂಕವನ್ನೇ ನೋಡುವವರ ವಹಿಯಲ್ಲಿ ಈ ಲಾಭಕ್ಕೆ ಪುಟವೇ ಇಲ್ಲ.

ದಖ್ಖನಿ ಕುರಿಯ ಒರಟಾದ ಕರಿಯ ಉಣ್ಣೆಯಿಂದ ಕಂಬಳಿಯಾಗುತ್ತಿತ್ತು. ಕಂಬಳಿಗೆ ಗಿರಾಕಿ ತಗ್ಗಿ ಮಾಂಸದ ಬೆಲೆಯೇರಿದ ಮೇಲೆ, ಉಣ್ಣೆ ಅತ್ಯಲ್ಪವಾದ ಎಳಗ ಟಗರನ್ನು ಮಂದೆಗೆ ಬಿಡುವುದು ಹೆಚ್ಚಿತು. ಮರಿ ಬೇಗ ಮೈದುಂಬುವುದು ನಿಜ; ಬಡ ಕುರಿಗಾರನನ್ನು ಅದಕ್ಕಾಗಿ ದೂರುವುದು ನ್ಯಾಯವಲ್ಲ. ಆದರೆ ಮಳೆಚಳಿಯಲ್ಲಿ ದೂರ ನಡೆಯುವ ಕುರಿಗೆ ಉಣ್ಣೆಯೇ ಹೊದಿಕೆಯೆಂಬುದನ್ನು ಹಳಬರು ಮರೆತಿಲ್ಲ. ಕೆಲವರು ದಖ್ಖನಿ ಟಗರನ್ನು ಇನ್ನೂ ಉಳಿಸಿಕೊಂಡಿರುವರು.