ಸೂತ್ರಧಾರನ ಗೋರಿ ಅಗೆದ ಗೊಂಬೆಗಳು



ರಾತ್ರಿ ಹೊತ್ತು. ಹಳೆಯ ಹೋಟೆಲೊಂದರ ಸಮೀಪದ ಸ್ಮಶಾನ. ಅಲ್ಲಿ ಗೋರಿಯೊಂದನ್ನು ಅಗೆಯುವ ಕೆಲಸ ನಡೆದಿದೆ. ಅಗೆಯುತ್ತಿರುವವನು ಕಳ್ಳನೂ ಅಲ್ಲ, ಮಾಂತ್ರಿಕನೂ ಅಲ್ಲ. ಮೊಣಕಾಲೆತ್ತರದ ಒಂದು ಗೊಂಬೆ! ಗುಂಡಿಯೊಳಗಿನ ಎಲುಬಿನ ಹಂದರದ ಮೇಲೆ ಅದು ಒಂದು ದ್ರವ ಸುರಿಯುತ್ತದೆ. ಸತ್ತವನ ಕೈಗಳು ಮೇಲೇಳುತ್ತವೆ.

ಅಮೆರಿಕದ 'ಪಪೆಟ್ ಮಾಸ್ಟರ್' ಚಿತ್ರದ ಎರಡನೇ ಭಾಗ ಆರಂಭವಾಗುವುದು ಹೀಗೆ. 1990ರಲ್ಲಿ ತಯಾರಾದ ಈ ಚಿತ್ರ ಚಿತ್ರಮಂದಿರದ ಮುಖ ನೋಡಲಿಲ್ಲ. ನೇರವಾಗಿ ವಿಡಿಯೋ ಅಂಗಡಿ ಸೇರಿತು. ಅಗ್ಗದ ಭಯಾನಕ ಚಿತ್ರ, ಅದರಲ್ಲೂ ಮುಂದುವರಿದ ಭಾಗ ಎಂದಮೇಲೆ ವಿಮರ್ಶಕರು ತಲೆ ಕೆಡಿಸಿಕೊಳ್ಳುವುದು ಕಡಿಮೆ. ಆದರೆ ಈ ಚಿತ್ರದ ಹಿಂದೆ ಕೈಕಸುಬೊಂದರ ಕಥೆಯಿದೆ.

ಎಂಬತ್ತರ ದಶಕದಲ್ಲಿ ಅಮೆರಿಕದ ಮನೆಮನೆಗೆ ವಿಸಿಆರ್ ಬಂತು. ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಗಳಿಗೆ ವಾರವಾರವೂ ಹೊಸ ಸರಕು ಬೇಕಾಯಿತು. ನಿರ್ಮಾಪಕ ಚಾರ್ಲ್ಸ್ ಬ್ಯಾಂಡ್ ಈ ಮಾರುಕಟ್ಟೆಯನ್ನೇ ನಂಬಿ 'ಫುಲ್ ಮೂನ್' ಸಂಸ್ಥೆ ಕಟ್ಟಿದರು. ದೊಡ್ಡ ತಾರೆಯರನ್ನು ಕರೆತರುವಷ್ಟು ಹಣವಿರಲಿಲ್ಲ. ಹಾಗಾಗಿ ಗೊಂಬೆಗಳೇ ತಾರೆಯರಾದವು. 1989ರ ಮೊದಲ ಭಾಗ ಗೆದ್ದಿತು. ಕೈಗೆ ಕೊಕ್ಕೆ, ಚೂರಿಯಿರುವ ಬ್ಲೇಡ್, ಪುಟ್ಟ ತಲೆ ದಪ್ಪ ಕೈಗಳ ಪಿನ್‌ಹೆಡ್, ನೆತ್ತಿಯಲ್ಲಿ ಭೈರಿಗೆ ಹೊತ್ತ ಟನಲರ್ ಮನೆಮಾತಾದವು. ಎರಡನೇ ಭಾಗದಲ್ಲಿ ಬೆಂಕಿಯುಗುಳುವ ಟಾರ್ಚ್ ಎಂಬ ಗೊಂಬೆಯೂ ಸೇರಿಕೊಂಡಿತು.

ಕಥೆ ಸರಳ. ಗೊಂಬೆಗಳಿಗೆ ಜೀವ ಕೊಟ್ಟ ಆಂದ್ರೆ ಟೂಲಾನ್ ಮೊದಲ ಭಾಗದಲ್ಲೇ, 1939ರ ದೃಶ್ಯದಲ್ಲಿ, ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಈಗ ಗೊಂಬೆಗಳ ಜೀವರಸ ಬತ್ತುತ್ತಿದೆ. ಅದನ್ನು ತಯಾರಿಸಬಲ್ಲವನು ಅವನೊಬ್ಬನೇ. ಅದಕ್ಕೇ ಅವನನ್ನು ಎಬ್ಬಿಸುತ್ತವೆ. ಆ ರಸಕ್ಕೆ ಮನುಷ್ಯರ ಮೆದುಳು ಬೇಕು. ಹೋಟೆಲಿಗೆ ತನಿಖೆಗೆಂದು ಬಂದವರು ಒಬ್ಬೊಬ್ಬರಾಗಿ ಬಲಿಯಾಗುತ್ತಾರೆ. ಆದರೆ ಟೂಲಾನ್‌ಗೆ ಬಂದವರಲ್ಲೊಬ್ಬಳು ತನ್ನ ಸತ್ತ ಹೆಂಡತಿಯಂತೆ ಕಾಣುತ್ತಾಳೆ. ಕೂಡಿಟ್ಟ ರಸವನ್ನು ಅವನು ತಮ್ಮಿಬ್ಬರಿಗೇ ಮೀಸಲಿಡುತ್ತಾನೆ. ಮೋಸ ಅರಿತ ಗೊಂಬೆಗಳು ಯಜಮಾನನ ಮೇಲೆಯೇ ತಿರುಗಿಬೀಳುತ್ತವೆ. ಸೂತ್ರಧಾರ ಆಡಿಸಿದಂತೆ ಗೊಂಬೆ ಆಡುತ್ತದೆ ಎಂಬುದು ನಮ್ಮ ರೂಢಿಯ ಮಾತು. ಗೊಂಬೆಗೂ ಸೂತ್ರಧಾರನಿಂದ ಬರಬೇಕಾದ ಬಾಕಿ ಇರುತ್ತದೆ ಎನ್ನುತ್ತದೆ ಈ ಚಿತ್ರ.

ಇದನ್ನು ನಿರ್ದೇಶಿಸಿದ ಡೇವಿಡ್ ಅಲೆನ್ ಸ್ವತಃ ಗೊಂಬೆ ಆಡಿಸುವವರೇ. ಅವರ ವಿದ್ಯೆಯ ಹೆಸರು ಸ್ಟಾಪ್ ಮೋಷನ್. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು, ಮತ್ತೆ ತೆಗೆಯುವುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಎರಡು ಚಿತ್ರಕ್ಕೊಮ್ಮೆ ಸರಿಸಿದರೂ ಹತ್ತು ಸೆಕೆಂಡಿನ ನಡಿಗೆಗೆ ಗೊಂಬೆಯನ್ನು 120 ಸಲ ಮುಟ್ಟಬೇಕು. ನಡುವೆ ಕೈ ತಪ್ಪಿದರೆ ಮೊದಲಿನಿಂದ ಆರಂಭ. ಹಣದ ಕೊರತೆಯನ್ನು ತಾಳ್ಮೆ ತುಂಬಿಕೊಡುತ್ತಿತ್ತು.

1985ರ 'ಯಂಗ್ ಷರ್ಲಾಕ್ ಹೋಮ್ಸ್' ಚಿತ್ರದ ಕೆಲಸಕ್ಕಾಗಿ ಅಲೆನ್ ಆಸ್ಕರ್‌ಗೆ ನಾಮಕರಣಗೊಂಡಿದ್ದರು. ಅದೇ ಚಿತ್ರದಲ್ಲಿ ಕಂಪ್ಯೂಟರ್ ಸೃಷ್ಟಿಸಿದ ಗಾಜಿನ ಯೋಧನೊಬ್ಬನೂ ಇದ್ದ. ಕೈಕಸುಬಿಗೆ ಅದೇ ಮುನ್ಸೂಚನೆ. 1993ರಲ್ಲಿ 'ಜುರಾಸಿಕ್ ಪಾರ್ಕ್' ಬಂದಮೇಲೆ ದೈತ್ಯ ಪ್ರಾಣಿಗಳಿಗೆ ಸ್ಟಾಪ್ ಮೋಷನ್ ಗೊಂಬೆಯ ಅಗತ್ಯ ಕಡಿಮೆಯಾಯಿತು.

ಅಲೆನ್ ಮಾತ್ರ ಕಸುಬು ಬಿಡಲಿಲ್ಲ. ಹಿಮಾಲಯದ ಯೇತಿಯನ್ನು ಕುರಿತ 'ದಿ ಪ್ರೈಮೀವಲ್ಸ್' ಅವರ ಬಹುಕಾಲದ ಕನಸು. ನಟರ ಭಾಗದ ಚಿತ್ರೀಕರಣ 1994ರಲ್ಲಿ ರುಮೇನಿಯಾದಲ್ಲಿ ನಡೆಯಿತು. ಗೊಂಬೆಗಳ ಕೆಲಸ ಮುಗಿಯುವ ಮೊದಲೇ, 1999ರಲ್ಲಿ, ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಆಗ ವಯಸ್ಸು 54.

ಗೊಂಬೆಗಳು ಪೆಟ್ಟಿಗೆಯಲ್ಲಿ ಉಳಿದವು. ವರ್ಷಗಳ ಬಳಿಕ ಅಭಿಮಾನಿಗಳು ಹಣ ಕೂಡಿಸಿದರು. ಅಲೆನ್ ಜೊತೆ ದುಡಿದ ಕ್ರಿಸ್ ಎಂಡಿಕಾಟ್ ಉಳಿದ ಕೆಲಸವನ್ನು ಪೂರೈಸಿದರು. 2023ರಲ್ಲಿ, ಅವರು ಸತ್ತ 24 ವರ್ಷಗಳ ನಂತರ, ಚಿತ್ರ ತೆರೆ ಕಂಡಿತು. ನಿರ್ದೇಶಕನ ಹೆಸರು ಡೇವಿಡ್ ಅಲೆನ್ ಎಂದೇ ಇತ್ತು.

ಟೂಲಾನ್ ತನ್ನ ಗೊಂಬೆಗಳಿಗೆ ಮೋಸ ಮಾಡಿದ. ಅಲೆನ್ ಮಾಡಲಿಲ್ಲ, ಜೀವಮಾನವನ್ನೇ ಅವಕ್ಕೆ ಕೊಟ್ಟರು. ಸತ್ತ ಯಜಮಾನನ ಹೆಸರನ್ನು ಗೊಂಬೆಗಳು ಎಬ್ಬಿಸಿದ್ದು, ಕೊನೆಗೂ, ಕಥೆಯಾಗಿ ಉಳಿಯಲಿಲ್ಲ.