ಹಿಡಿ ಅಕ್ಕಿ

ದೇವರಲ್ಲಿ ಭರವಸೆ ಬೆಳೆಯುವ ಬಗೆಯನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕೇಳಿದ್ದಾರೆ. ದೇವಶಾಸ್ತ್ರ ಬಲ್ಲವರು ಇದನ್ನು ಬೇರೆ ರೀತಿಯಲ್ಲಿ ವಿವರಿಸಿಯಾರು. ನಾನು ಬಳ್ಳಾರಿಯ ಒಂದು ಸಾಮಾನ್ಯ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ವಿಜ್ಞಾನದ ಮೇಷ್ಟ್ರು. ಕಂಡುದನ್ನಷ್ಟೇ ಹೇಳಬಲ್ಲೆ.

ನಮ್ಮ ತಾಯಿ ಅಕ್ಕಿ ತೊಳೆಯುವ ಮುನ್ನ ಒಂದು ಹಿಡಿಯನ್ನು ತೆಗೆದು ಒಲೆಯ ಪಕ್ಕದ ಡಬ್ಬಿಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅದು ದೇವಾಲಯಕ್ಕೆ, ಅಲ್ಲಿಂದ ಇಲ್ಲದವರ ಮನೆಗೆ. ಇದು ನಮ್ಮ ಮನೆಯೊಂದರ ಪದ್ಧತಿಯಲ್ಲ. ಕೇರಳದ ಕ್ರೈಸ್ತರಲ್ಲಿ ಇದೆ, ದೂರದ ಮಿಜೋರಾಮಿನ ಸಭೆಗಳಲ್ಲಿ 1910ರಿಂದ ನಡೆದುಬಂದಿದೆ. ನೆರೆಮನೆಯಿಂದ ಎರವಲು ತಂದ ದಿನವೂ ಆ ಹಿಡಿ ತಪ್ಪುತ್ತಿರಲಿಲ್ಲ. “ಎರವಿನಲ್ಲಿ ದಾನವೇ!” ಎಂದು ತಂದೆಯವರು ನಗುವರು. ತಾಯಿಯೂ ನಗುವರು, ಡಬ್ಬಿಯ ಮುಚ್ಚಳ ಹಾಕುವರು.

ದೀಪ ಹಚ್ಚಿದ ಮೇಲೆ ಒಂದು ಅಧ್ಯಾಯ ಓದುವುದು, ಊಟಕ್ಕೆ ಮುಂಚೆ ತಲೆಬಾಗಿ ಸ್ತೋತ್ರ ಹೇಳುವುದು, ಇವೂ ಹಾಗೆಯೇ ನಡೆಯುತ್ತಿದ್ದುವು. ನಮ್ಮ ಊರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ಜೊತೆಗಾರರೊಡನೆ ಭಾಷಾಂತರ ನಡೆಸಿ, ಸಂಪೂರ್ಣ ಬೈಬಲ್ಲು ಕನ್ನಡದಲ್ಲಿ ಹೊರಬರುವಷ್ಟರಲ್ಲಿ 1831 ಆಗಿತ್ತು. ದಿನಕ್ಕೆ ಎಷ್ಟು ವಾಕ್ಯ ಸಾಗಿರಬಹುದೆಂದು ಹುಡುಗನಾಗಿದ್ದಾಗ ಲೆಕ್ಕ ಹಾಕಿ ಬೇಸರಪಟ್ಟಿದ್ದೆ.

ನನ್ನ ತಮ್ಮ ಹದಿನಾರನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡ. ಆರು ರಾತ್ರಿ ನಾವು ಮೊಣಕಾಲೂರಿ ಬೇಡಿದ್ದೆವು. ಮಣ್ಣು ಮಾಡಿದ ನಾಲ್ಕನೆಯ ದಿನ ತಾಯಿ ಮತ್ತೆ ಒಲೆ ಹೊತ್ತಿಸಿದರು. ಅಕ್ಕಿ ಅಳೆದರು, ಒಂದು ಹಿಡಿ ತೆಗೆದರು. ನನಗೆ ತಡೆಯಲಾಗಲಿಲ್ಲ.

“ಇನ್ನೂ ಕೊಡಬೇಕೇನವ್ವಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೈಗೆ ರೂಢಿ ಆಗೈತಪ್ಪಾ. ಮನಸು ಹಿಂದಿಂದ ಬರತೈತಿ” ಎಂದರು.

ನನ್ನ ಮನಸ್ಸು ಬರಲಿಲ್ಲ. ನಂಬಿಕೆಯಿಲ್ಲದೆ ಪ್ರಾರ್ಥಿಸುವುದು ಕಪಟವೆಂದು ತೀರ್ಮಾನಿಸಿದೆ. ಪ್ರಾಮಾಣಿಕನೆಂಬ ಹೆಮ್ಮೆಯೂ ಅದರಲ್ಲಿ ಇತ್ತೆಂದು ಈಗ ತೋರುತ್ತದೆ. ಎಂಟು ವರ್ಷ ಹೀಗೆಯೇ ಕಳೆಯಿತು.

ಆ ಮೇಲೆ ಉಪಾಧ್ಯಾಯರ ತರಬೇತಿಗೆಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರಕ್ಕೆ ಹೋದೆ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಹಿಂದೆ ಅಮೃತಮಹಲ್ ದನಗಳ ಕಾವಲಾಗಿದ್ದ ಬಯಲು. ಎತ್ತ ನೋಡಿದರೂ ಆಕಾಶ. ಮಳೆಯನ್ನೇ ನೆಚ್ಚಿದ ಶೇಂಗಾ ಸೀಮೆ, ಮಳೆಯೋ ಬಲು ಕಡಮೆ. ಒಂದು ಭಾನುವಾರ ಬೆಳಿಗ್ಗೆ ಅಡ್ಡಾಡುತ್ತ ಹೋದಾಗ ಹೊಲವೊಂದರಲ್ಲಿ ಬಿತ್ತನೆ ನಡೆದಿತ್ತು. ಮಗ ಕೂರಿಗೆ ಹೊಡೆಯುತ್ತಿದ್ದ. ಮುದುಕಿ ಹಿಂದಿನಿಂದ ಅಕ್ಕಡಿ ಸಾಲಿಗೆ ತೊಗರಿ ಬಿಡುತ್ತಿದ್ದಳು. ಎತ್ತುಗಳನ್ನು ತಿರುಗಿಸುವಾಗ ಮಾತನಾಡಿಸಿದೆ.

“ಹೋದ ವರ್ಷ ಬೆಳೆ ಹೇಗಾಯಿತಮ್ಮಾ?”

“ಬಿತ್ತಿದ ಬೀಜಾನೂ ಬರಲಿಲ್ಲ ಸಾಮಿ. ಅದರ ಹಿಂದ್ಲ ವರ್ಸಾನೂ ಅಷ್ಟೇಯ.”

“ಆದರೂ ಬಿತ್ತುತ್ತಿದ್ದೀರಲ್ಲ?”

“ಹದ ಬಂದೈತಲ್ಲ! ಬಿತ್ತದೆ ಕುಂತ್ರೆ ಮಳೆ ಬಂದ್ರೂ ಏನ್ ಬಂತು?”

ಆಕೆ ನಂಬಿದ್ದು ನಾಯಕನಹಟ್ಟಿಯ ತಿಪ್ಪೇಸ್ವಾಮಿಯನ್ನು. ಕೆರೆ ಕಟ್ಟಿಸಿದರೆಂದು ಆ ಸೀಮೆ ಇಂದಿಗೂ ನೆನೆಯುವ ಅವಧೂತರನ್ನು. ನನಗೆ ನೆನಪಾದದ್ದು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಒಕ್ಕಲಿಗ. ಬೀಜ ಹಾಕಿ ಅವನು ಮಲಗುತ್ತಾನೆ, ಏಳುತ್ತಾನೆ. ಅದು ಹೇಗೆ ಬೆಳೆಯುತ್ತದೆಂಬುದು ಅವನಿಗೇ ತಿಳಿಯದು. ಮೊದಲು ಭರವಸೆ ಕೈಗೆ ಬರಲಿ, ಅನಂತರ ಬಿತ್ತುವೆನೆಂದು ಎಂಟು ವರ್ಷ ಹೊಲದ ಬದುವಿನ ಮೇಲೆ ಕುಳಿತವನು ನಾನು.

ಅಂದು ರಾತ್ರಿ ಊಟದ ಮನೆಯಲ್ಲಿ ತಟ್ಟೆಯ ಮುಂದೆ ತಲೆ ಬಾಗಿಸಿದೆ. ಮಾತೇನೂ ಬರಲಿಲ್ಲ. ಬಡಿಸುವ ಹುಡುಗ ಬಂದು, “ಏನ್ ಸಾರ್, ಮೈಗೆ ಹುಷಾರಿಲ್ವಾ?” ಎಂದು ಕೇಳಿದ. ಸಾರು ಹಾಕಿಸಿಕೊಂಡು ಉಂಡೆ. ಮರುದಿನವೂ ತಲೆ ಬಾಗಿಸಿದೆ.

ತಮ್ಮನನ್ನು ಏಕೆ ಕರೆದುಕೊಂಡೆ ಎಂದು ಈಗಲೂ ಕೇಳುತ್ತೇನೆ. ಬೆನ್ನು ತಿರುಗಿಸಿಕೊಂಡು ಕೇಳುತ್ತಿದ್ದವನು ಎದುರು ಕುಳಿತು ಕೇಳುತ್ತೇನೆ, ಅಷ್ಟೇ ವ್ಯತ್ಯಾಸ.

ತರಬೇತಿ ಮುಗಿಸಿ ಊರಿಗೆ ಬಂದಾಗ ತಾಯಿ ಅಡಿಗೆಗೆ ಕುಳಿತಿದ್ದರು. ಕುದಾಪುರದ ಮುದುಕಿಯ ಮಾತನ್ನು ಹೇಳಿದೆ. ಅವರು ಏನೂ ಅನ್ನಲಿಲ್ಲ. ಅಕ್ಕಿಯ ಮೊರವನ್ನು ನನ್ನ ಕಡೆಗೆ ಸರಿಸಿದರು.